ಕಾರಣವಿಲ್ಲದೆ ಬ್ರೇಕು

ಮೇಷ್ಟ್ರಿಗೆ ಎಂಜಿನ್ನಿನ ಭಾಷೆ ಬರುತ್ತಿತ್ತು. ಬೇರೆ ಡ್ರೈವಿಂಗ್ ಶಾಲೆಗಳಲ್ಲಿ ಕಲಿಸುವವರು "ಗೇರ್ ಹಾಕಿ, ಕ್ಲಚ್ ಬಿಡಿ" ಎಂದು ಗಂಟಲು ಹರಿದುಕೊಂಡರೆ, ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು ಕಾರಿನ ಪರವಾಗಿ ತಾವೇ ಗೋಳಾಡುತ್ತಿದ್ದರು. ಮೂರನೇ ಗೇರಿನಲ್ಲೇ ಏರು ಹತ್ತಿಸಹೊರಟರೆ, ಮೊಮ್ಮಗನನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲೇರುವ ತಾತನಂತೆ "ಊಂ... ಹ್ಞೂಂ... ಅಯ್ಯಮ್ಮಾ" ಎಂದು ನರಳುವರು. ಕ್ಲಚ್ಚನ್ನು ಗಕ್ಕನೆ ಬಿಟ್ಟರೆ ಬಿಕ್ಕಳಿಸುವರು. ಹ್ಯಾಂಡ್‌ಬ್ರೇಕ್ ಇಳಿಸದೆ ಹೊರಟರೆ, ಶಾಲೆಗೆ ಹೋಗಲೊಲ್ಲದೆ ಬಾಗಿಲಿಗೆ ಜೋತುಬಿದ್ದ ಮಗುವಿನ ರಂಪ. ಎಲ್ಲವೂ ಸರಿಯಿದ್ದರೆ ಮಾತ್ರ ಮೇಷ್ಟ್ರ ಬಾಯಿಗೆ ಬೀಗ. ಅವರ ಕಾರಿನಲ್ಲಿ ಮೌನವೇ ಶಹಭಾಸ್‌ಗಿರಿ.

ಹಾಗೆ ನೋಡಿದರೆ, ಈ ನಾಲ್ಕು ತಿಂಗಳಲ್ಲಿ ಅತಿ ಹೆಚ್ಚು ಶಹಭಾಸ್‌ಗಿರಿ ಗಿಟ್ಟಿಸಿದವಳು ಆಸ್ಪತ್ರೆಯ ಸಿಸ್ಟರ್. ಅದು ಆಕೆಗೆ ಗೊತ್ತಿರಲಿಲ್ಲ, ಅಷ್ಟೆ.

ನರ್ಸುಗಳನ್ನು ಊರೆಲ್ಲ ಕರೆಯುವುದೇ ಸಿಸ್ಟರ್ ಎಂದು. ಶಾಲೆಯ ಯಜಮಾನರಾದ ಮೇಷ್ಟ್ರ ಭಾವ, ಲೆಕ್ಕಪತ್ರ ನೋಡಿಕೊಳ್ಳುವ ಅಕ್ಕ, ಪಕ್ಕದ ಪಂಕ್ಚರ್ ಅಂಗಡಿಯವನು, ಎಲ್ಲರಿಗೂ ಆಕೆ ಸಿಸ್ಟರೇ. ಮೇಷ್ಟ್ರೊಬ್ಬರು ಮಾತ್ರ ಆ ಪದವನ್ನು, ರಸ್ತೆಯ ಗುಂಡಿ ತಪ್ಪಿಸುವಂತೆ, ಅತ್ತಿತ್ತ ಹೊರಳಿ ತಪ್ಪಿಸಿಕೊಂಡು ಬಂದಿದ್ದರು. "ನೋಡಿ", "ಇವ್ರೇ", "ಕೇಳಿಸ್ತಾ" ಎಂದು ಹೇಗೋ ಕಾಲ ತಳ್ಳಿದ್ದರು. ಮದುವೆಯೆಂಬುದು ಹೇಗೋ ಕೈತಪ್ಪಿಹೋದ ನಲವತ್ತೇಳರ ಗಂಡಸಿಗೆ ಇರುವ ಒಬ್ಬ ಅಕ್ಕನೇ ಹೆಚ್ಚಾಗಿದ್ದಳು. ಮೇಲೊಬ್ಬ ಸಹೋದರಿಯ ಅಗತ್ಯವಿರಲಿಲ್ಲ.

ಈಗ ಅದೇ ಆಕೆ ಕತ್ತಿಗೆ ದಪ್ಪನೆಯ ಪಟ್ಟಿ ಬಿಗಿದುಕೊಂಡು ಶಾಲೆಯ ಆಫೀಸಿನ ಬೆಂಚಿನ ಮೇಲೆ ಕೂತಿದ್ದಳು. ಕೈಯಲ್ಲೊಂದು ಕಾಗದ. ಅಪಘಾತವಾಗಿ ಹದಿಮೂರು ದಿನವಾಗಿತ್ತು.

"ಮೇಷ್ಟ್ರೇ, ಒಂದು ಮಾತು ಕೇಳ್ಬೇಕಿತ್ತು," ಎಂದಳು. ಕತ್ತು ತಿರುಗದ ಕಾರಣ ಮಾತಾಡಲು ಇಡೀ ಮೈಯನ್ನೇ ಇತ್ತ ತಿರುಗಿಸಬೇಕಾಯಿತು. "ವಕೀಲರನ್ನ ಇಟ್ಕೋಬೇಕಾ, ಬೇಡ್ವಾ?"

ಮೇಷ್ಟ್ರು ಕಾಗದ ಓದಿದರು. ವಿಮೆ ಕಂಪನಿಯದು. ಹಿಂದಿನಿಂದ ಬಂದು ಗುದ್ದಿದ ಲಾಂಡ್ರಿ ವ್ಯಾನಿನವರು ಹೇಳುವ ಪ್ರಕಾರ, ಖಾಲಿ ರಸ್ತೆಯಲ್ಲಿ ಕಲಿಯುವವಳು ಕಾರಣವಿಲ್ಲದೆ ಬ್ರೇಕ್ ಹಾಕಿದಳು. ಡ್ರೈವಿಂಗ್ ಶಾಲೆಯ ಪಾಠದ ಪುಸ್ತಕವನ್ನು ಪರಿಶೀಲಿಸಲಾಗಿ, ಸದರಿ ಕಲಿಯುವವಳಿಗೆ ಈ ಅಭ್ಯಾಸ ಮೊದಲಿನಿಂದಲೂ ಇರುವುದು ಕಂಡುಬಂದಿದೆ. ತಪ್ಪೊಪ್ಪಿಕೊಂಡು ಕೆಳಗೆ ಸಹಿ ಹಾಕಿದರೆ ವಿಷಯ ಅಲ್ಲಿಗೆ ಮುಗಿಯುತ್ತದೆ. ನಷ್ಟವನ್ನೆಲ್ಲ ಕಂಪನಿ ನೋಡಿಕೊಳ್ಳುತ್ತದೆ. ಆದರೆ ಸಾರಿಗೆ ಇಲಾಖೆಯ ನಿಯಮದಂತೆ ಒಂದು ವರ್ಷ ಲೈಸೆನ್ಸ್ ಪರೀಕ್ಷೆಗೆ ಕೂರುವಂತಿಲ್ಲ. ಒಪ್ಪದಿದ್ದರೆ ಹದಿನೈದು ದಿನದೊಳಗೆ ವಕೀಲರ ಮೂಲಕ ಉತ್ತರ ಕೊಡಬೇಕು.

"ನಂಗೆ ಕೋರ್ಟು ಕಚೇರಿ ಅಂದ್ರೆ ಕೈಕಾಲು ತಣ್ಣಗಾಗುತ್ತೆ," ಎಂದಳು ಆಕೆ. "ನೀವು ಪಕ್ಕದಲ್ಲೇ ಕೂತಿದ್ರಲ್ಲ. ನಿಮಗೆ ಗೊತ್ತಿರೋ ಅಷ್ಟು ಯಾರಿಗೂ ಗೊತ್ತಿಲ್ಲ. ನೀವು ಹೇಗೆ ಹೇಳ್ತೀರೋ ಹಾಗೆ."

ಮೇಷ್ಟ್ರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಸ್ವಲ್ಪ ಯೋಚ್ನೆ ಮಾಡ್ತೀನಿ," ಎಂದರು. "ಶುಕ್ರವಾರ ಬನ್ನಿ."

ಯೋಚನೆ ಮಾಡುವುದಕ್ಕೆ ಏನಿತ್ತು? ನಡೆದದ್ದು ಅವರಿಗೆ ಗೊತ್ತಿತ್ತು. ನಿಜಕ್ಕೂ ಆಕೆ ಹೇಳಿದ ಮಾತು ಅಕ್ಷರಶಃ ಸರಿ. ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಆಕೆಗೂ.

ಕಲಿಸುವ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲ ಕೆಳಗೆ. ಪಾಠ ಮುಗಿದ ಮೇಲೆ ನೀಲಿ ರಟ್ಟಿನ ಪುಸ್ತಕದಲ್ಲಿ ಒಂದು ಸಾಲು: ದಿನಾಂಕ, ಪಾಠ, ದೋಷ, ಕೊನೆಗೆ ಕಲಿತವರ ಸಹಿ. ಮೊದಲ ಹನ್ನೆರಡು ಪಾಠದಲ್ಲಿ ಆಕೆಯ ದೋಷದ ಕಾಲಮ್ಮು ಪ್ರಾಮಾಣಿಕವಾಗಿ ತುಂಬಿತ್ತು. ಮೇಷ್ಟ್ರು ನರಳಿದ್ದರು, ಬಿಕ್ಕಿದ್ದರು, ಒಮ್ಮೆಯಂತೂ ಕೆಮ್ಮಿ ಕೆಮ್ಮಿ ಎಂಜಿನ್ ಆರಿಹೋಗುವುದನ್ನು ಎಷ್ಟು ಚೆನ್ನಾಗಿ ಮಾಡಿ ತೋರಿಸಿದ್ದರೆಂದರೆ ಸಿಸ್ಟರು ಅಭ್ಯಾಸಬಲದಿಂದ ಅವರ ನಾಡಿ ಹಿಡಿದುಬಿಟ್ಟಿದ್ದಳು. ಹಿಡಿದ ಮೇಲೆ ತಪ್ಪು ತಿಳಿದು ಸ್ಟೀರಿಂಗಿಗೆ ಹಣೆ ಹಚ್ಚಿಕೊಂಡು ನಕ್ಕಿದ್ದಳು. ಗಂಡ ತೀರಿಕೊಂಡ ಎಂಟು ವರ್ಷದಲ್ಲಿ ಹೀಗೆ ನಕ್ಕಿರಲಿಲ್ಲ ಎಂದು ಕಣ್ಣೊರೆಸಿಕೊಂಡು ಹೇಳಿದ್ದಳು. ಮೇಷ್ಟ್ರ ನಾಡಿಯಲ್ಲಿ ಆಕೆಯ ಬೆರಳಿನ ತಣ್ಪು ಎರಡು ದಿನ ಉಳಿದಿತ್ತು.

ಹದಿಮೂರನೇ ಪಾಠದಿಂದ ಆಕೆ ತಪ್ಪು ಮಾಡುವುದನ್ನು ನಿಲ್ಲಿಸಿದಳು.

ಅಂದು ಮೇಷ್ಟ್ರು ಪುಸ್ತಕ ತೆರೆದು "ಪರೀಕ್ಷೆಗೆ ಸಿದ್ಧ" ಎಂದು ಬರೆಯಬೇಕಿತ್ತು. ಪೆನ್ನು ಕಾಗದಕ್ಕೆ ತಾಗಿಯೂ ಇತ್ತು. ಆಕೆ ಪಕ್ಕದಲ್ಲಿ ಕೂತು ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತ, "ಪಾಸಾದ್ಮೇಲೆ ನಿಮ್ಮ ಈ ನರಳಾಟ ಕೇಳೋಕೆ ಸಿಗಲ್ಲ ಅಲ್ವಾ?" ಎಂದಳು. ಸುಮ್ಮನೆ ಆಡಿದ ಮಾತು. ಮೇಷ್ಟ್ರ ಕೈ ತಾನಾಗಿಯೇ ಬರೆಯಿತು: "ಕಾರಣವಿಲ್ಲದೆ ಬ್ರೇಕ್ ಹಾಕುತ್ತಾರೆ. ಇನ್ನೂ ಅಭ್ಯಾಸ ಬೇಕು."

ಸುಲಭವಾದ ಸುಳ್ಳು ಅದು. ಬ್ರೇಕನ್ನು ಯಾರು ಒತ್ತಿದರೆಂದು ಕಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ವಾರಕ್ಕೆ ಎರಡು ಸಲ, ಹದಿನೆಂಟು ಪಾಠ, ಹದಿನೆಂಟು ಸಾಲು. ಎಂದಾದರೂ ಆಕೆ ಹುಬ್ಬು ಗಂಟಿಕ್ಕಿ "ನಿಜವಾಗ್ಲೂ ಹಾಕಿದ್ನಾ?" ಎಂದು ಕೇಳಿದರೆ, ಮುಂದಿನ ಪಾಠದಲ್ಲಿ ಮೇಷ್ಟ್ರು ತಮ್ಮ ಪೆಡಲನ್ನು ಹೂವಿನ ಮೇಲೆ ಕಾಲಿಟ್ಟಷ್ಟು ಮೆಲ್ಲಗೆ ಮುಟ್ಟುವರು. ಕಾರು ಒಂದು ಚೂರು ತಡವರಿಸುವುದು. "ನೋಡಿ," ಎನ್ನುವರು. "ಅಯ್ಯೋ, ಹೌದು!" ಎಂದು ಆಕೆ ಸಹಿ ಹಾಕುವಳು.

ಅಪಘಾತದ ದಿನ ಮಂಗಳವಾರ, ಸಂಜೆ ನಾಲ್ಕು ಗಂಟೆ. ಗೋದಾಮುಗಳ ಸಾಲಿನ ಅಗಲ ರಸ್ತೆ. ಮುಂದೆ ಒಂದು ನಾಯಿಯೂ ಇರಲಿಲ್ಲ. ಆಕೆ ಹೇಳಿದಳು, "ಮೇಷ್ಟ್ರೇ, ಬೈಬೇಡಿ. ನಿಮ್ಮನ್ನ ಕೇಳ್ದೆ ಪರೀಕ್ಷೆಗೆ ಅರ್ಜಿ ಹಾಕ್ಬಿಟ್ಟೆ. ನದಿಯಾಚೆ ಊರಲ್ಲಿ ಕೆಲಸ ಸಿಕ್ಕಿದೆ. ಹಾಸಿಗೆ ಹಿಡಿದೋರ ಮನೆಮನೆಗೆ ಹೋಗಿ ನೋಡ್ಕೊಳ್ಳೋದು. ಕಾರು ಅವರೇ ಕೊಡ್ತಾರೆ, ಲೈಸೆನ್ಸ್ ಒಂದು ಇರ್ಬೇಕು. ಎರಡು ತಿಂಗಳು ಕಾಯ್ತಾರಂತೆ. ಇಪ್ಪತ್ತು ವರ್ಷ ಒಂದೇ ವಾರ್ಡು, ಒಂದೇ ಕಿಟಕಿ. ಸಾಕಾಗಿದೆ."

ನದಿಯಾಚೆ. ಬಸ್ಸಿನಲ್ಲಿ ಎರಡೂವರೆ ಗಂಟೆ.

ಮೇಷ್ಟ್ರ ಕಾಲು ಇಳಿಯಿತು. ಈ ಸಲ ಹೂವಿನ ಮೇಲಲ್ಲ.

ಹಿಂದಿನಿಂದ ವ್ಯಾನು ಬಂದು ಗುದ್ದಿತು. ಗುದ್ದಿದ ಏಟಿಗೆ ವ್ಯಾನಿನ ಹಿಂಬಾಗಿಲ ಚಿಲಕ ಕಳಚಿ ಒಗೆದ ಬಟ್ಟೆಯ ಗಂಟುಗಳು ರಸ್ತೆಗೆ ಉರುಳಿದವು. ಬಿಳಿ ಹಾಸುಗಳು, ಒಂದರ ಮೇಲೊಂದು. ಸಿಸ್ಟರು ಇಳಿದಳು. ಕತ್ತು ಹಿಡಿದುಕೊಂಡು ಆ ಹಾಸುಗಳನ್ನು ನೋಡಿದಳು. ಆಮೇಲೆ ಏನು ತೋಚಿತೋ, ಬಗ್ಗಿ ಒಂದು ಹಾಸನ್ನೆತ್ತಿ ಕೊಡವಿ, "ಆ ತುದಿ ಹಿಡ್ಕೊಳ್ಳಿ," ಎಂದಳು. ಮೇಷ್ಟ್ರು ಹಿಡಿದರು. ರಸ್ತೆಯ ನಟ್ಟನಡುವೆ ಇಬ್ಬರೂ ಹಾಸು ಮಡಚಿದರು: ದೂರ ಸರಿದು ಬಿಗಿಯಾಗಿ ಎಳೆದು, ಮತ್ತೆ ಹತ್ತಿರ ಬಂದು ತುದಿಗೆ ತುದಿ ಸೇರಿಸಿ, ಬೆರಳಿಗೆ ಬೆರಳು ತಾಗಿ, ಮತ್ತೆ ದೂರ. ಹೀಗೆ ಏಳು ಹಾಸು. ವ್ಯಾನಿನವನು ಕೂಗಾಡುತ್ತಲೇ ಇದ್ದ. ಮೇಷ್ಟ್ರಿಗೆ ಅವನ ಬಾಯಿ ಆಡುವುದಷ್ಟೇ ಕಾಣುತ್ತಿತ್ತು.

ಪೊಲೀಸಿನವರು ಬಂದು "ಬ್ರೇಕ್ ಹಾಕಿದ್ದು ಯಾರು?" ಎಂದಾಗ ಎಂಟನೇ ಹಾಸು ಇಬ್ಬರ ನಡುವೆ ಹರಡಿಕೊಂಡಿತ್ತು.

"ನಾನೇ," ಎಂದಳು ಸಿಸ್ಟರ್. "ನನಗೆ ಆ ಅಭ್ಯಾಸ ಇದೆ."

ಮೇಷ್ಟ್ರ ಕೈಯಲ್ಲಿ ಎರಡು ತುದಿಗಳಿದ್ದವು. ಬಾಯಲ್ಲಿ ಏನೂ ಇರಲಿಲ್ಲ.

"ಯೋಚ್ನೆ ಏನು ಬಂತು ಇದ್ರಲ್ಲಿ?" ಎಂದರು ಭಾವ, ಆಕೆ ಕಾಗದ ಕೊಟ್ಟು ಹೋದ ಮಧ್ಯಾಹ್ನ, ಊಟದ ತಟ್ಟೆಯ ಮೇಲಿಂದ. ಭಾವನ ಮಾತು ಹಾರ್ನ್ ಇದ್ದ ಹಾಗೆ. ಒಂದೇ ಸ್ವರ, ಎಲ್ಲ ಸಂದರ್ಭಕ್ಕೂ ಅದೇ. "ಸಹಿ ಹಾಕ್ಸು, ಮುಗ್ಸು! ವಿಮೆಯೋರೇ ಎಲ್ಲ ಕೊಡ್ತೀವಿ ಅಂತಿರುವಾಗ ವಕೀಲ ಯಾಕಯ್ಯ? ವಕೀಲನ್ನ ಕರೆಯೋದಂದ್ರೆ ಸೊಳ್ಳೆ ಹೊಡೆಯೋಕೆ ಮನೇಲಿ ಕಪ್ಪೆ ಸಾಕಿದ ಹಾಗೆ!"

"ನಿಮ್ಮ ಉಪಮಾನಕ್ಕಿಷ್ಟು," ಎಂದಳು ಅಕ್ಕ. "ಆ ಹೆಂಗಸಿನ ಕೆಲಸದ ಗತಿ?"

"ಒಂದು ವರ್ಷ ತಾನೇ! ಅಲ್ಲೀವರೆಗೆ ನಮ್ಮ ಹತ್ರಾನೇ ಕಲೀಲಿ. ನಮಗೇನು ನಷ್ಟ?"

ಅಕ್ಕ ತಟ್ಟೆ ಎತ್ತುತ್ತ ತಮ್ಮನ ಮುಖ ನೋಡಿದಳು. ಹಾರ್ನಿಗೆ ಕಾಣದ್ದು ಅಕ್ಕನಿಗೆ ಕಾಣುತ್ತದೆ.

"ಮೂವತ್ತು ಪಾಠ ಕಲಿತರೂ ಬರದಷ್ಟು ದಡ್ಡಿಯಾ ಆಕೆ?" ಎಂದು ಮೆತ್ತಗೆ ಕೇಳಿದಳು. "ನಿನ್ನ ಕೈಯಲ್ಲಿ ಕಲಿತ ಆ ಪಂಕ್ಚರ್ ಅಂಗಡಿಯವನ ಅತ್ತೆಯೇ ಹದಿನೈದಕ್ಕೆ ಪಾಸಾದ್ಳು. ಅವಳಿಗೆ ಒಂದು ಕಣ್ಣು ಕಾಣಲ್ಲ."

"ಅಕ್ಕಾ, ಉಪ್ಪು ಕೊಡು," ಎಂದರು ಮೇಷ್ಟ್ರು.

"ನಿನ್ನ ತಟ್ಟೆ ಆಗ್ಲೇ ನನ್ನ ಕೈಲಿದೆ ಕಣೋ."

ಗ್ಯಾರೇಜಿನ ಮೇಲಿನ ತಮ್ಮ ಕೋಣೆಗೆ ಹೋಗಿ ಮೇಷ್ಟ್ರು ಮಂಚದ ಮೇಲೆ ಅಂಗಾತ ಮಲಗಿದರು. ಒಂದು ವರ್ಷ. ವಾರಕ್ಕೆ ಎರಡು. ನೂರನಾಲ್ಕು ಪಾಠ. ನೂರನಾಲ್ಕು ಸಂಜೆ ಆ ಕಾರಿನಲ್ಲಿ ಸೋಪು, ಸ್ಪಿರಿಟ್ಟು, ಆಕೆ ಕಿವಿಯ ಹಿಂದೆ ಹಚ್ಚಿಕೊಳ್ಳುವ ಯಾವುದೋ ಎಣ್ಣೆ, ಈ ಮೂರರ ವಾಸನೆ. ಸಿಗ್ನಲ್ಲಿನಲ್ಲಿ ನಿಂತಾಗ ಆಕೆ ಸ್ಟೀರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುವುದು. ಅವರು ಯಾವ ಸುಳ್ಳನ್ನೂ ಹೊಸದಾಗಿ ಹೇಳಬೇಕಿರಲಿಲ್ಲ. "ಸಹಿ ಹಾಕಿ" ಎಂಬ ಎರಡು ಪದ ಸಾಕಿತ್ತು. ಲೋಕವೆಲ್ಲ ಅದನ್ನೇ ಹೇಳುತ್ತಿತ್ತು. ಭಾವ ಹೇಳುತ್ತಿದ್ದರು. ವಿಮೆ ಕಂಪನಿ ಛಾಪಿಸಿ ಕಳಿಸಿತ್ತು.

ಕೆಳಗೆ ಯಾರೋ ಕಾರು ಚಾಲೂ ಮಾಡಿದರು. ಮೇಷ್ಟ್ರು ಯಾವ ದನಿಯನ್ನಾದರೂ ಮಾಡಬಲ್ಲವರು. ಭಾವನದ್ದು, ಪರೀಕ್ಷಾಧಿಕಾರಿಯದ್ದು, ಡೀಸೆಲ್ ಎಂಜಿನ್ನಿನದು, ನೀರಿಲ್ಲದ ರೇಡಿಯೇಟರಿನದು. ಆದರೆ ಆಕೆಯ ನಗುವನ್ನು ಮಾಡಿನೋಡಲು ಎಷ್ಟೋ ಸಲ ಒಬ್ಬರೇ ಇದ್ದಾಗ ಪ್ರಯತ್ನಿಸಿದ್ದರು. ಬಂದಿರಲಿಲ್ಲ. ಅದೊಂದನ್ನು ಕೇಳಬೇಕೆಂದರೆ ಆಕೆಯೇ ಬರಬೇಕಿತ್ತು.

ಶುಕ್ರವಾರ ಆಕೆ ಬಂದಳು. ಮೇಷ್ಟ್ರು ಮೇಜಿನ ಮೇಲೆ ಕಾಗದ ಇಟ್ಟು, ಪಕ್ಕದಲ್ಲಿ ಪೆನ್ನು ಇಟ್ಟು, ಎಲ್ಲೋ ಗೋಡೆಯ ಮೇಲಿನ ರಸ್ತೆ ಚಿಹ್ನೆಗಳ ಪಟ ನೋಡುತ್ತ, "ವಕೀಲರೆಲ್ಲ ಯಾಕೆ? ಸಹಿ ಹಾಕ್ಬಿಡಿ. ಒಂದು ವರ್ಷ ಅಲ್ವಾ, ಕಣ್ಣುಮುಚ್ಚಿ ತೆಗೆಯೋದ್ರೊಳಗೆ ಹೋಗುತ್ತೆ," ಎಂದರು. ತಮ್ಮ ದನಿಯಲ್ಲಿ ಭಾವನ ದನಿ ಕೇಳಿ ಅವರಿಗೇ ಹೇಸಿಕೆಯಾಯಿತು. ಜೀವನದಲ್ಲಿ ಮೊದಲ ಸಲ ಬೇಡದೆ ಬಂದ ಮಿಮಿಕ್ರಿ ಅದು.

"ನಾನೂ ಅದೇ ಅಂದ್ಕೊಂಡೆ," ಎಂದು ಆಕೆ ಪೆನ್ನು ತೆಗೆದುಕೊಂಡಳು. "ಆ ಊರಿನೋರಿಗೆ ಬರಲ್ಲ ಅಂತ ಹೇಳ್ಬಿಡ್ತೀನಿ. ಒಳ್ಳೇದೇ ಆಯ್ತು ಬಿಡಿ. ನನ್ನಂಥವಳ ಕೈಗೆ ಕಾರು ಕೊಟ್ಟು ಯಾರ ಮನೆ ಹಾಳಾಗ್ಬೇಕಿತ್ತೋ."

"ಹಾಗೆಲ್ಲ ಅನ್ಬೇಡಿ."

"ಇಲ್ಲ ಮೇಷ್ಟ್ರೇ, ನಿಮಗೆ ಹೇಳ್ತೀನಿ, ಯಾರಿಗೂ ಹೇಳಿಲ್ಲ. ಅವತ್ತು ನನ್ನ ಕಾಲು ಬ್ರೇಕ್ ಒತ್ತಿದ್ದು ನನಗೆ ಗೊತ್ತೇ ಆಗ್ಲಿಲ್ಲ. ಎಷ್ಟು ನೆನಪು ಮಾಡ್ಕೊಂಡ್ರೂ ಕಾಲು ಆಕ್ಸಿಲರೇಟರ್ ಮೇಲೆ ಇದ್ದದ್ದೇ ನೆನಪು. ಅಂದ್ರೆ ನನ್ನ ಕಾಲು ನನಗೆ ಗೊತ್ತಿಲ್ದೆ ಏನೇನೋ ಮಾಡುತ್ತೆ. ಕೈಯೂ ಹಾಗೇ ಇರ್ಬಹುದಲ್ವಾ? ನಿನ್ನೆ ವಾರ್ಡಲ್ಲಿ ಒಂದು ಮಗುಗೆ ಇಂಜೆಕ್ಷನ್ ಕೊಡ್ಬೇಕಿತ್ತು. ಸೂಜಿ ಹಿಡಿದು ನಿಂತೆ. ಕೈ ನಡುಗ್ತು. ಇಪ್ಪತ್ತು ವರ್ಷದಲ್ಲಿ ಮೊದಲ್ನೇ ಸಲ. ಬೇರೆಯವರನ್ನ ಕರೆದೆ."

ಹೇಳಿ ಆಕೆ ಕಾಗದದ ಮೇಲೆ ಬಗ್ಗಿದಳು. ಕತ್ತು ಬಗ್ಗದ್ದರಿಂದ ಸೊಂಟದಿಂದಲೇ ಬಗ್ಗಬೇಕಾಯಿತು. ಪೆನ್ನಿನ ತುದಿ ಸಣ್ಣಗೆ ಅದುರುತ್ತಿತ್ತು. ಬಿಕ್ಕುವ ಮಗುವಿನ ಮೇಲೆ ಬಗ್ಗಿ "ನೋಡು, ಇರುವೆ ಕಚ್ಚಿದಷ್ಟೇ" ಎನ್ನುತ್ತಾ ಸಾವಿರ ಸೂಜಿ ಚುಚ್ಚಿದ ಕೈ.

ಮೇಷ್ಟ್ರು ಪೆನ್ನು ಕಿತ್ತುಕೊಂಡರು. ಕಾಗದದ ಮೇಲೆ ಉದ್ದಕ್ಕೆ ಗೀರು ಬಿತ್ತು.

"ಹಾಕ್ಬೇಡಿ."

"ಯಾಕೆ?"

"ಹಾಕ್ಬೇಡಿ ಅಂದ್ರೆ ಹಾಕ್ಬೇಡಿ. ವಕೀಲರ ಹತ್ರ ಹೋಗೋಣ. ಈಗ್ಲೇ. ಆ ಪುಸ್ತಕ ಎಲ್ಲಿ? ಅಕ್ಕಾ! ಪುಸ್ತಕ ಕೊಡು!"

ಅಕ್ಕ ಪುಸ್ತಕವನ್ನು ಆಗಲೇ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ವಕೀಲಮ್ಮನ ಆಫೀಸು ನಕಲಿ ಕೀಲಿ ಮಾಡುವ ಅಂಗಡಿಯ ಮೇಲಿತ್ತು. ಕೆಳಗೆ ಕೀಲಿಗೆ ಅರ ಹಾಕುವ ಕಿರ್ರ್ ಸದ್ದು. ಮೇಲೆ ವಕೀಲಮ್ಮ ಜನರ ಮಾತಿಗೆ ಅರ ಹಾಕುತ್ತಿದ್ದಳು. ಪ್ರತಿ ಪ್ರಶ್ನೆಯೂ "ಅಂದರೆ" ಎಂದು ಶುರುವಾಗುತ್ತಿತ್ತು. ಹೇಳಿದ್ದನ್ನು ತಾನೇ ಟೈಪ್ ಮಾಡುತ್ತಿದ್ದಳು, ಎರಡೇ ಬೆರಳಿನಲ್ಲಿ, ಅಕ್ಷರಗಳಿಗೆ ಬುದ್ಧಿ ಕಲಿಸುವವಳಂತೆ.

"ಅಂದರೆ ಬ್ರೇಕ್ ಹಾಕಿದ್ದು ಈಕೆಯಲ್ಲ?"

"ಅಲ್ಲ. ನಾನು."

ಸಿಸ್ಟರು ಇಡೀ ಮೈಯನ್ನು ಮೇಷ್ಟ್ರತ್ತ ತಿರುಗಿಸಿದಳು. ಮೇಷ್ಟ್ರು ತಿರುಗಲಿಲ್ಲ. ಅವರ ಕತ್ತಿಗೆ ಪಟ್ಟಿಯಿರಲಿಲ್ಲ, ಆದರೂ ತಿರುಗಲಿಲ್ಲ.

"ಅಂದರೆ ರಸ್ತೆಯಲ್ಲಿ ಏನೋ ಅಡ್ಡ ಬಂತು?"

"ಏನೂ ಬರಲಿಲ್ಲ."

"ಅಂದರೆ ಪುಸ್ತಕದಲ್ಲಿ ಬರೆದಿರೋದು?"

"ಹನ್ನೆರಡರವರೆಗೆ ನಿಜ. ಆಮೇಲಿನ ಹದಿನೆಂಟು ಸುಳ್ಳು. ಇವರಿಗೆ ಯಾವಾಗಲೋ ಕಾರು ಬಂದಿದೆ. ನನಗಿಂತ ಚೆನ್ನಾಗಿ."

ವಕೀಲಮ್ಮ ಬೆರಳು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು. "ನೋಡಿ, ಇದನ್ನ ಬರೆದುಕೊಟ್ಟರೆ ನಿಮ್ಮ ಕಲಿಸೋ ಪರವಾನಗಿ ಹೋಗುತ್ತೆ. ಕನಿಷ್ಠ ಮೂರು ತಿಂಗಳು. ನಾನು ಈಕೆಯ ವಕೀಲೆ, ನಿಮ್ಮವಳಲ್ಲ. ಹೇಳೋದು ಧರ್ಮ, ಹೇಳ್ತಿದೀನಿ."

"ಬರೀರಿ."

"ಕಾರಣ ಕೇಳ್ತಾರೆ. ಹದಿನೆಂಟು ಸಲ ಸುಳ್ಳು ಬರೆದಿದ್ದು ಯಾಕೆ? ಅಂದರೆ ಫೀಸಿಗಾಗಿ?"

"ಅಲ್ಲ!"

"ಅಂದರೆ?"

ಕೆಳಗಿನ ಕಿರ್ರ್ ಸದ್ದು ಅದೇ ಹೊತ್ತಿಗೆ ನಿಲ್ಲಬೇಕೇ. ಮೇಷ್ಟ್ರು ಬಾಯಿ ತೆರೆದರು. ಯಾರ ದನಿಯಲ್ಲಾದರೂ ಹೇಳಬಹುದಿತ್ತು. ಭಾವನ ಹಾರ್ನಿನಲ್ಲಿ, ಈ ವಕೀಲಮ್ಮನ ಅರದಲ್ಲಿ, ಏರು ಹತ್ತುವ ತಾತನಲ್ಲಿ. ಸ್ವಂತ ದನಿ ಎಲ್ಲಿಟ್ಟಿದ್ದೇನೆಂದು ಅವರು ಒಂದು ಗಳಿಗೆ ಹುಡುಕಬೇಕಾಯಿತು.

"ಪಾಸಾದ್ರೆ ಬರೋದು ನಿಲ್ಲಿಸ್ಬಿಡ್ತಾರೆ, ಅಂತ," ಎಂದರು.

ವಕೀಲಮ್ಮ "ಅಂದರೆ" ಎನ್ನಲಿಲ್ಲ. ಕುಟ್ಟಿದಳು. ಕುಟ್ಟಿದ್ದನ್ನು ನಿಯಮದಂತೆ ಗಟ್ಟಿಯಾಗಿ ಓದಿದಳು: "ಸದರಿ ಕಲಿಯುವವರು ಪರೀಕ್ಷೆಯಲ್ಲಿ ಉತ್ತೀರ್ಣರಾದಲ್ಲಿ ಪಾಠಕ್ಕೆ ಹಾಜರಾಗುವುದನ್ನು ನಿಲ್ಲಿಸುವರೆಂಬ ಭಯದಿಂದ, ಸದರಿ ಶಿಕ್ಷಕನಾದ ನಾನು, ಸದರಿ ಪುಸ್ತಕದಲ್ಲಿ ಇಲ್ಲದ ದೋಷಗಳನ್ನು ನಮೂದಿಸಿರುತ್ತೇನೆ. ಸದರಿ ದಿನ ಅವರು ಊರು ಬಿಡುವ ವಿಷಯ ತಿಳಿದು ನನ್ನ ಕಾಲು ಬ್ರೇಕಿನ ಮೇಲೆ ಬಿದ್ದಿರುತ್ತದೆ." ಓದಿ, "ಸರಿಯಿದೆಯಾ?" ಎಂದಳು.

ನಲವತ್ತೇಳು ವರ್ಷ ಎದೆಯಲ್ಲಿ ಕಾದುಕೂತಿದ್ದ ಮಾತು ಕೊನೆಗೂ ಹೊರಬಂದದ್ದು ನಾಲ್ಕು "ಸದರಿ"ಗಳ ಜೊತೆ.

"ಸರಿಯಿದೆ," ಎಂದು ಮೇಷ್ಟ್ರು ಸಹಿ ಹಾಕಿದರು.

ಮೆಟ್ಟಿಲಿಳಿಯುವಾಗ ಸಿಸ್ಟರು ಮುಂದೆ, ಅವರು ಹಿಂದೆ. ಅರ್ಧದಲ್ಲಿ ಆಕೆ ನಿಂತಳು.

"ಗಾಲಿ ಮಂಚ ತಳ್ಳುವಾಗ್ಲೂ ನಾನು ಕನ್ನಡಿ ನೋಡೋ ಹಾಗೆ ಕತ್ತು ತಿರುಗಿಸ್ತಿದ್ದೆ," ಎಂದಳು, ಗೋಡೆಗೆ ಹೇಳುವಂತೆ. "ಅಭ್ಯಾಸ ಆಗ್ಲಿ ಅಂತ. ವಾರ್ಡಿನೋರೆಲ್ಲ ನಗ್ತಿದ್ರು. ಆಪರೇಷನ್ನಿಗೆ ಹೋಗೋ ರೋಗಿ ಒಬ್ರು ಹೆದ್ರಿಕೊಂಡು, 'ಹಿಂದೆ ಯಾರು ಬರ್ತಿದಾರೆ?' ಅಂತ ಕೇಳಿದ್ರು. ನೀವು ಪುಸ್ತಕದಲ್ಲಿ ಬರೀತಿದ್ರಿ, ಕಾರಲ್ಲಿ ಮಾತ್ರ ಒಂದ್ಸಲಾನೂ ನರಳ್ತಿರಲಿಲ್ಲ. ನಾನೇನು ಅಂದ್ಕೊಂಡೆ ಗೊತ್ತಾ? ನನ್ನ ತಪ್ಪು ಎಷ್ಟು ಕೆಟ್ಟದಾಗಿದೆ ಅಂದ್ರೆ ಮೇಷ್ಟ್ರ ಕೈಲೂ ಅದರ ಮಿಮಿಕ್ರಿ ಆಗ್ತಿಲ್ಲ ಅಂತ."

ಮೇಷ್ಟ್ರಿಗೆ ನಗು ಬಂತು. ನಗು ಬಂದದ್ದಕ್ಕೆ ಅಳು ಬಂತು. ಎರಡನ್ನೂ ನುಂಗಿಕೊಂಡರು.

"ಬಾಯಿಬಿಟ್ಟು ಹೇಳಿದ್ರೆ ಏನಾಗ್ತಿತ್ತು?" ಎಂದಳು. ಇಳಿದು ಹೋದಳು. ರಸ್ತೆ ದಾಟುವಾಗ ಇಡೀ ಮೈ ಬಲಕ್ಕೆ, ಇಡೀ ಮೈ ಎಡಕ್ಕೆ, ಮತ್ತೆ ಬಲಕ್ಕೆ. ಅವರು ಕಲಿಸಿದ್ದು.

ಉತ್ತರ ಹೋಯಿತು. ವಿಚಾರಣೆಯಾಯಿತು. ಅಂಟಿಕೊಂಡು ಬಂದದ್ದಕ್ಕೆ ವ್ಯಾನಿನವನದು ಅರ್ಧ ತಪ್ಪು, ಮೇಷ್ಟ್ರದು ಅರ್ಧ, ಕಲಿಯುವವಳದು ಏನೂ ಇಲ್ಲ ಎಂದು ತೀರ್ಮಾನವಾಯಿತು. ಮೇಷ್ಟ್ರ ಪರವಾನಗಿ ಮೂರು ತಿಂಗಳು ಅಮಾನತಾಯಿತು. ಭಾವ ಒಂದು ವಾರ ಹಾರ್ನ್ ಬಾರಿಸಿ ಸುಸ್ತಾದರು. ಸಿಸ್ಟರು ಬೇರೆ ಶಾಲೆಯ ಕಾರಿನಲ್ಲಿ ಪರೀಕ್ಷೆ ಕೊಟ್ಟು ಮೊದಲ ಸಲಕ್ಕೇ ಪಾಸಾದಳೆಂದು ಪಂಕ್ಚರ್ ಅಂಗಡಿಯವನಿಂದ ತಿಳಿಯಿತು. ಮೇಷ್ಟ್ರು ಗ್ಯಾರೇಜಿನಲ್ಲಿ ಕಾರು ತೊಳೆಯುತ್ತಿದ್ದರು. ಮಂಗಳವಾರ, ಶುಕ್ರವಾರ ನಾಲ್ಕು ಗಂಟೆಗೆ ಮಾತ್ರ ಕೈ ತಾನಾಗಿ ನಿಂತು, ಬಕೀಟಿನ ನೊರೆ ಒಡೆಯುವ ಸದ್ದು ಕೇಳುವರು. ನೊರೆಯ ಮಿಮಿಕ್ರಿಯೂ ಅವರಿಗೆ ಬಂದುಬಿಟ್ಟಿತು. ಕೇಳುವವರಿರಲಿಲ್ಲ.

ಒಂದು ಬೆಳಿಗ್ಗೆ ಗ್ಯಾರೇಜಿನ ಮುಂದೆ ಬಿಳಿಯ ಪುಟ್ಟ ಕಾರೊಂದು ಬಂದು, ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತು. ಕಿಟಕಿ ಇಳಿಯಿತು. ಕತ್ತಿನ ಪಟ್ಟಿ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಎರಡು ಸೂಟ್‌ಕೇಸು, ಒಂದು ಕುಂಡದ ಗಿಡ.

"ಕೂತ್ಕೊಳ್ಳಿ," ಎಂದಳು.

ಮೇಷ್ಟ್ರು ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡು ಕೂತರು. ಕಾರು ಹೊರಟಿತು. ಮೊದಲ ತಿರುವಿನಲ್ಲೇ ಅವರ ಕಾಲು ಬ್ರೇಕನ್ನು ಹುಡುಕಿತು. ಇರಲಿಲ್ಲ. ಬರೀ ರಬ್ಬರಿನ ಹಾಸು. ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತವರು; ಕಾಲ ಕೆಳಗೆ ಏನೂ ಇಲ್ಲದೆ ಕೂತದ್ದು ಇದೇ ಮೊದಲು. ಆಕೆ ಓರೆಗಣ್ಣಿನಲ್ಲಿ ಆ ಕಾಲನ್ನು ನೋಡಿದಳು. ಗೋದಾಮಿನ ರಸ್ತೆ, ಸಿಗ್ನಲ್ಲು, ಹಳೇ ದಾರಿಯೇ. ಮೇಷ್ಟ್ರು ಸುಮ್ಮನೆ ಕೂತಿದ್ದರು. ಸೋಪು, ಸ್ಪಿರಿಟ್ಟು, ಆ ಎಣ್ಣೆ.

ನೀರಿನ ಟ್ಯಾಂಕಿನ ಏರು ಬಂತು. ಆಕೆ ಗೇರ್ ಬದಲಿಸಲಿಲ್ಲ. ಮೂರರಲ್ಲೇ ಹತ್ತಿಸಿದಳು. ಎಂಜಿನ್ನು ಒದ್ದಾಡಿತು, ಕಾರು ನಡುಗಿತು. ಆಕೆಯ ಕೈ ಗೇರಿನ ಮೇಲೇ ಇತ್ತು, ಕಣ್ಣು ರಸ್ತೆಯ ಮೇಲೆ. ಕೈ ಕಾಯುತ್ತಿತ್ತು.

ಮೇಷ್ಟ್ರಿಗೆ ಅರ್ಥವಾಗಲು ಅರ್ಧ ಏರು ಬೇಕಾಯಿತು.

"ಊಂ..." ಎಂದರು. ತಾತನಿಗೆ ನೆಗಡಿಯಾದ ದನಿ. "ಹ್ಞೂಂ... ಅಯ್ಯಮ್ಮಾ..."

ಆಕೆ ಎರಡನೇ ಗೇರಿಗೆ ಇಳಿಸಿದಳು. ಕಾರು ಉಸಿರು ಬಿಟ್ಟು ಮೇಲೇರಿತು. ನಗಲಿಲ್ಲ ಆಕೆ. ತುಟಿಯ ಒಂದು ಕೊನೆ ಮಾತ್ರ, ಇಂಡಿಕೇಟರ್ ಹಾಕಿದಂತೆ, ಎರಡು ಸಲ ಅಲುಗಿತು.

ಗ್ಯಾರೇಜಿನ ಮುಂದೆ ಇಳಿಸಿ, ಡ್ಯಾಶ್‌ಬೋರ್ಡಿನಿಂದ ನೀಲಿ ರಟ್ಟಿನ ಪುಸ್ತಕ ತೆಗೆದಳು. "ವಕೀಲಮ್ಮನ ಹತ್ರ ಇತ್ತು. ಇಸ್ಕೊಂಡು ಬಂದೆ." ಸ್ಟೀರಿಂಗಿನ ಮೇಲಿಟ್ಟುಕೊಂಡು ಏನೋ ಬರೆದಳು. ಕೈ ನಡುಗಲಿಲ್ಲ. ಮುಚ್ಚಿ ಕಿಟಕಿಯಿಂದ ಕೊಟ್ಟಳು.

"ಕೈ ಹೇಗಿದೆ?" ಎಂದರು ಮೇಷ್ಟ್ರು.

"ನಿಮ್ಮ ಸದರಿ ಕಾಗದ ಓದಿದ ದಿನದಿಂದ ಸರಿಯಾಗಿದೆ. ಕೋಪ ಮಾತ್ರ ಇನ್ನೂ ಹೋಗಿಲ್ಲ."

"ಹೋಗೋದು ಬೇಡ," ಎಂದರು. ಇನ್ನೇನು ಹೇಳಬೇಕೋ ತಿಳಿಯದೆ, "ಹುಷಾರಾಗಿ ಹೋಗಿ," ಎಂದರು. ಅದರ ಹಿಂದೆ ಒಂದು ಹೆಸರು ಬೇಕಿತ್ತು, ಅಥವಾ ಒಂದು ಪದ. ಗುಂಡಿ ತಪ್ಪಿಸಿದ ಹಾಗೆ ಅದನ್ನೂ ತಪ್ಪಿಸಿದರು.

ಆಕೆ ಒಳಗನ್ನಡಿ ನೋಡಿದಳು, ಹೊರಗನ್ನಡಿ ನೋಡಿದಳು, ಕತ್ತು ತಿರುಗಿಸಿ ಹಿಂದೆ ನೋಡಿದಳು. ಹೊರಟಳು. ಬೀದಿಯ ಕೊನೆಯವರೆಗೆ ಮೇಷ್ಟ್ರು ಕಿವಿಯಿಂದಲೇ ಹಿಂಬಾಲಿಸಿದರು: ಒಂದು, ಎರಡು, ಸರಿಯಾದ ಜಾಗಕ್ಕೆ ಮೂರು. ನರಳಲು ಏನೂ ಇರಲಿಲ್ಲ.

"ಏನೋ ಬರೆದು ಕೊಟ್ಟಳಲ್ಲ, ಏನದು?" ಎಂದು ಒಳಗಿನಿಂದ ಅಕ್ಕ ಕೂಗಿದಳು.

ಮೇಷ್ಟ್ರು ಪುಸ್ತಕ ತೆರೆದರು. ಅಪಘಾತದ ದಿನ ಖಾಲಿ ಬಿಟ್ಟಿದ್ದ ಸಾಲನ್ನು ದಾಟಿ, ಅದರ ಕೆಳಗೆ, ಔಷಧಿ ಚೀಟಿ ಬರೆಯುವ ಅಚ್ಚುಕಟ್ಟು ಅಕ್ಷರದಲ್ಲಿ ಇಂದಿನ ದಿನಾಂಕ. ಪಾಠ: ಏರು. ದೋಷ: "ಮೇಷ್ಟ್ರು ಕಾರಣವಿಲ್ಲದೆ ಬ್ರೇಕ್ ಹಾಕುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ. ಇನ್ನೂ ಅಭ್ಯಾಸ ಬೇಕು."

ಕಲಿತವರ ಸಹಿಯ ಜಾಗ ಖಾಲಿ ಇತ್ತು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ಒದ್ದೆ ಬೆರಳಿನಿಂದ ಮಸಿ ಹರಡದಂತೆ ನೋಡಿಕೊಂಡು, ಅಲ್ಲಿ ತಮ್ಮ ಸಹಿ ಹಾಕಿದರು. ಆ ಪುಟದಲ್ಲಿ ಇನ್ನೂ ಹನ್ನೊಂದು ಸಾಲು ಖಾಲಿಯಿದ್ದವು.